ಮೋಡ ಚಿರತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಲಿ, ಚಿರತೆ, ಕರಿಚಿರತೆ ಬಗ್ಗೆ ಕನ್ನಡದಲ್ಲಿ ಓದಲು ಬೇಕಾದಷ್ಟಿದೆ. ನಮ್ಮದೇ ದೇಶದ ಈಶಾನ್ಯದ ಕಾಡುಗಳಲ್ಲಿರುವ ಮೋಡ ಚಿರತೆ ಬಗ್ಗೆ ಹುಡುಕಿದರೆ ನಾಲ್ಕು ಸಾಲು ಸಿಗುವುದೂ ಕಷ್ಟ. ಇಷ್ಟು ಚೆಂದದ, ಇಷ್ಟು ಅಪಾಯದಲ್ಲಿರುವ ಪ್ರಾಣಿಗೆ ಇದು ಸಾಲದು. ಅದಕ್ಕೇ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಒಂದೆಡೆ ತಂದು ಉತ್ತರ ಬರೆದಿದ್ದೇನೆ.

ಮೋಡ ಚಿರತೆ ಅಂದರೆ ಮಾಮೂಲಿ ಚಿರತೆಯದೇ ಒಂದು ಬಗೆಯಾ?

ಅಲ್ಲ. ಹುಲಿ, ಸಿಂಹ, ಚಿರತೆ, ಜಾಗ್ವಾರ್, ಹಿಮಚಿರತೆ ಇವು ಐದೂ ಒಂದು ಗುಂಪು. ಮೋಡ ಚಿರತೆ ಆ ಗುಂಪಿಗೆ ಹತ್ತಿರದ ಬಳಗ, ಆದರೆ ಅದರೊಳಗೆ ಸೇರಿದ್ದಲ್ಲ. ಸುಮಾರು 60 ಲಕ್ಷ ವರ್ಷಗಳ ಹಿಂದೆಯೇ ಅದು ಬೇರೆ ಕವಲಾಗಿ ಹೋಯಿತು ಎಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ. ವಿಜ್ಞಾನದಲ್ಲಿ ಇದರ ಹೆಸರು ನಿಯೋಫೆಲಿಸ್ ನೆಬ್ಯುಲೋಸಾ. 1821ರಲ್ಲಿ ಎಡ್ವರ್ಡ್ ಗ್ರಿಫಿತ್ ಇದನ್ನು ಮೊದಲು ವಿವರಿಸಿದರು.

ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳಲ್ಲಿರುವುದೂ ಇದೇ ಜಾತಿ ಎಂದು ಬಹಳ ಕಾಲ ಅಂದುಕೊಂಡಿದ್ದರು. 2006ರಲ್ಲಿ ಮೈಬಣ್ಣ ಮತ್ತು ವಂಶವಾಹಿ ಎರಡನ್ನೂ ಹೋಲಿಸಿ ನೋಡಿದಾಗ ದ್ವೀಪಗಳದ್ದು ಬೇರೆಯೇ ಜಾತಿ ಎಂದು ಗೊತ್ತಾಯಿತು. ಅದನ್ನು ಈಗ ಸುಂದಾ ಮೋಡ ಚಿರತೆ ಅನ್ನುತ್ತಾರೆ. ಇಲ್ಲಿ ನಾನು ಬರೆಯುತ್ತಿರುವುದು ಮುಖ್ಯಭೂಮಿಯ ಮೋಡ ಚಿರತೆ ಬಗ್ಗೆ.

ನೋಡಲು ಹೇಗಿರುತ್ತದೆ? ಎಷ್ಟು ದೊಡ್ಡದು?

ಚಿತ್ರ ನೋಡಿದವರು ದೊಡ್ಡ ಪ್ರಾಣಿ ಎಂದೇ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದರ ತೂಕ 11ರಿಂದ 23 ಕಿಲೋ. ಗಂಡು ದೊಡ್ಡದು, ಹೆಣ್ಣು ಸಾಕಷ್ಟು ಚಿಕ್ಕದು. ಕಾಲು ಗಿಡ್ಡ, ಪಾದ ಅಗಲ, ಬಾಲ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಮೈಮೇಲೆ ಬೂದು ಅಥವಾ ಮಣ್ಣಿನ ಬಣ್ಣ. ಅದರ ಮೇಲೆ ಕಪ್ಪು ಅಂಚಿನ ದೊಡ್ಡ ದೊಡ್ಡ ಮಚ್ಚೆಗಳು, ಒಳಗಡೆ ಮಬ್ಬು. ಎಲೆಗಳ ಮಧ್ಯೆ ಬಿಸಿಲು ನೆರಳು ಬಿದ್ದ ಕೊಂಬೆಯ ಮೇಲೆ ಕೂತರೆ ಕಣ್ಣಿಗೆ ಬೀಳುವುದೇ ಇಲ್ಲ. ಈ ಮಚ್ಚೆಗಳು ಪ್ರತಿ ಪ್ರಾಣಿಗೂ ಬೇರೆ ಬೇರೆ. ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಚಿತ್ರಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಎಣಿಸುವುದು ಇವುಗಳಿಂದಲೇ.

ಕರ್ನಾಟಕದ ಕಾಡಿನಲ್ಲಿ ಇದೆಯಾ?

ಇಲ್ಲ. ಪಶ್ಚಿಮ ಘಟ್ಟದಲ್ಲಿ ಮೋಡ ಚಿರತೆ ಕಂಡಿತು ಎನ್ನುವ ಚಿತ್ರಗಳು ಆಗಾಗ ಹರಿದಾಡುತ್ತವೆ. ಅವು ಚಿರತೆ ಮರಿಯದ್ದೋ ಚಿರತೆ ಬೆಕ್ಕಿನದ್ದೋ ಇರುತ್ತವೆ, ಇಲ್ಲವೇ ಬೇರೆಲ್ಲೋ ತೆಗೆದವು.

ಭಾರತದಲ್ಲಿ ಇದರ ನೆಲೆ ಈಶಾನ್ಯ ರಾಜ್ಯಗಳು, ಸಿಕ್ಕಿಂ ಮತ್ತು ಉತ್ತರ ಬಂಗಾಳ. ಅರುಣಾಚಲದ ನಮ್ದಾಫಾ, ಪಕ್ಕೆ, ಅಸ್ಸಾಂನ ಮಾನಸ್ ಮತ್ತು ದಿಹಿಂಗ್ ಪಟ್ಕಾಯ್, ಬಂಗಾಳದ ಬಕ್ಸಾ, ಮಿಜೋರಾಂನ ಡಂಪಾ ಇವೆಲ್ಲ ಅದರ ಕಾಡುಗಳು. ಮೇಘಾಲಯಕ್ಕೆ ಇದು ರಾಜ್ಯಪ್ರಾಣಿ. ತ್ರಿಪುರಾದಲ್ಲಿ ಸಿಪಾಹಿಜಲಾ ಅಭಯಾರಣ್ಯದೊಳಗೆ ಇದರ ಹೆಸರಿನದೇ ಒಂದು ಪುಟ್ಟ ರಾಷ್ಟ್ರೀಯ ಉದ್ಯಾನವಿದೆ. ದೇಶದ ಆಚೆ ನೇಪಾಳ, ಭೂತಾನ್, ಬಾಂಗ್ಲಾದೇಶದ ಚಿತ್ತಗಾಂಗ್ ಬೆಟ್ಟಗಳಲ್ಲಿ ಇದೆ. ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ಮಲೇಷ್ಯಾ ಪರ್ಯಾಯ ದ್ವೀಪ, ದಕ್ಷಿಣ ಚೀನಾದವರೆಗೂ ಹಬ್ಬಿದೆ.

ಇದು ಬಯಲು ಸೀಮೆಯ ಪ್ರಾಣಿಯಲ್ಲ. ದಟ್ಟ ಕಾಡು ಬೇಕು, ಮೇಲೆ ಕೊಂಬೆಗೆ ಕೊಂಬೆ ತಾಕಿರಬೇಕು. ಹಾಗಂತ ತಗ್ಗಿನ ಮಳೆಕಾಡಿಗೆ ಮಾತ್ರ ಅಂಟಿಕೊಂಡಿದ್ದೂ ಅಲ್ಲ. ನಾಗಾಲ್ಯಾಂಡಿನ ಕಿಫಿರೆ ಜಿಲ್ಲೆಯ ಥಾನಾಮಿರ್ ಎಂಬ ಊರಿನ ಸಮುದಾಯ ಕಾಡಿನಲ್ಲಿ, ಸುಮಾರು 3,700 ಮೀಟರ್ ಎತ್ತರದಲ್ಲಿ ಕ್ಯಾಮೆರಾ ಟ್ರ್ಯಾಪ್‌ಗೆ ಇದು ಸಿಕ್ಕಿದೆ. 

ತಲೆ ಕೆಳಗೆ ಮಾಡಿ ಮರ ಇಳಿಯುತ್ತದೆ ಅನ್ನುವುದು ನಿಜವಾ?

ನಿಜ. ಬೆಕ್ಕಿನ ಜಾತಿಯಲ್ಲಿ ಈ ವಿದ್ಯೆ ಬರುವುದು ಕೆಲವಕ್ಕೆ ಮಾತ್ರ. ಹೆಚ್ಚಿನವು ಮರ ಹತ್ತುತ್ತವೆ, ಇಳಿಯುವಾಗ ಹಿಂದು ಮುಂದಾಗಿ ಜಾರಿಕೊಂಡು ಬರುತ್ತವೆ ಅಥವಾ ಧುಮುಕುತ್ತವೆ. ಮೋಡ ಚಿರತೆಯ ಹಿಂಗಾಲಿನ ಹರಡು ಕೀಲು ಹಿಂದಕ್ಕೆ ತಿರುಗುತ್ತದೆ. ಅದರಿಂದ ಉಗುರು ತೊಗಟೆಯನ್ನು ಬಿಗಿಯಾಗಿ ಹಿಡಿದಿರುವಂತೆಯೇ ತಲೆ ಮುಂದೆ ಮಾಡಿ ನೇರವಾಗಿ ಇಳಿಯಬಲ್ಲದು. ಕೊಂಬೆಯ ಕೆಳಭಾಗಕ್ಕೆ ಜೋತುಬಿದ್ದು ನಡೆಯಬಲ್ಲದು. ಹಿಂಗಾಲಲ್ಲಿ ತೂಗಾಡುತ್ತಾ ಮುಂಗಾಲನ್ನು ಖಾಲಿ ಇಟ್ಟುಕೊಳ್ಳಬಲ್ಲದು. ಆ ಉದ್ದ ಬಾಲ ಇಲ್ಲದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ, ತೂಕ ಸರಿದೂಗಿಸುವುದೇ ಅದು.

ಹಾಗಾದರೆ ಮರದ ಮೇಲೇ ಬದುಕುತ್ತದಾ?

ಹಿಂದೆ ಹಾಗೆಂದೇ ಬರೆಯುತ್ತಿದ್ದರು. ಥಾಯ್ಲೆಂಡ್‌ನಲ್ಲಿ ಕೊರಳಿಗೆ ರೇಡಿಯೊ ಕಾಲರ್ (ಎಲ್ಲಿದೆ ಎಂದು ಸಂಕೇತ ಕಳಿಸುವ ಪಟ್ಟಿ) ಹಾಕಿ ಹಿಂಬಾಲಿಸಿದ ಮೇಲೆ ಚಿತ್ರ ಬದಲಾಯಿತು. ಓಡಾಟ ಬಹುಪಾಲು ನೆಲದ ಮೇಲೇ. ಬೇಟೆಯೂ ನೆಲದಲ್ಲಿ ಸಾಕಷ್ಟು ನಡೆಯುತ್ತದೆ. ಮರ ಅದಕ್ಕೆ ಮಲಗಲು, ಅಡಗಲು, ಕೆಲವೊಮ್ಮೆ ಕೋತಿ ಹಿಡಿಯಲು. ಹೊತ್ತು ಮುಳುಗುವಾಗ, ಬೆಳಕು ಹರಿಯುವಾಗ ಚುರುಕು ಜಾಸ್ತಿ. ರಾತ್ರಿ ಓಡಾಡುತ್ತದೆ, ಹಗಲಲ್ಲಿ ಕಂಡದ್ದೂ ಉಂಟು.

ಈ ವಿಷಯ ಕೇಳಲು ಸಣ್ಣದು, ಆದರೆ ಅದರ ಉಳಿವಿಗೆ ಬಹಳ ಮುಖ್ಯ. ನೆಲದ ಮೇಲೆ ಓಡಾಡುವ ಪ್ರಾಣಿ ನೆಲದಲ್ಲಿ ಕಟ್ಟಿದ ಉರುಳಿಗೆ ಬೀಳುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಏನು ತಿನ್ನುತ್ತದೆ? ಆ ಕೋರೆಹಲ್ಲು ಯಾಕೆ ಅಷ್ಟು ಉದ್ದ?

ಕೋತಿ, ಮುಸುವ, ನಮ್ಮ ಕಾಡುಪಾಪದ ಸಂಬಂಧಿಯಾದ ಸ್ಲೋ ಲೋರಿಸ್, ಕಾಡುಕುರಿ, ಚಿಪ್ಪುಹಂದಿ, ಮುಳ್ಳುಹಂದಿ, ಅಳಿಲು, ಹಕ್ಕಿ. ಸಿಕ್ಕಿದ್ದನ್ನು ಹಿಡಿಯುವ ಬೇಟೆಗಾರ.

ಕೋರೆಹಲ್ಲು 4 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ತಲೆಬುರುಡೆಯ ಗಾತ್ರಕ್ಕೆ ಹೋಲಿಸಿದರೆ ಇಂದು ಬದುಕಿರುವ ಯಾವ ಬೆಕ್ಕಿಗೂ ಇಷ್ಟು ಉದ್ದದ ಕೋರೆ ಇಲ್ಲ. ಬಾಯಿಯನ್ನೂ ಸುಮಾರು 90 ಡಿಗ್ರಿಯಷ್ಟು ತೆರೆಯುತ್ತದೆ. ಇದನ್ನು ನೋಡಿ ಖಡ್ಗದಂತ ಬೆಕ್ಕುಗಳ ವಂಶದ್ದು ಅನ್ನುವವರಿದ್ದಾರೆ. ವಂಶ ಅದಲ್ಲ. ಆ ಬೆಕ್ಕುಗಳು ಬೇರೆಯೇ ಕವಲು, ಪೂರ್ತಿ ಅಳಿದುಹೋದವು. ಇದರಲ್ಲಿ ಅಂಥದೇ ಹಲ್ಲು ತನ್ನಷ್ಟಕ್ಕೆ ತಾನೇ ಬೆಳೆದು ಬಂದಿದೆ.

ಗರ್ಜಿಸುತ್ತದಾ? ಮನುಷ್ಯರ ಮೇಲೆ ಬೀಳುತ್ತದಾ?

ಗರ್ಜನೆ ಇಲ್ಲ. ದೂರಕ್ಕೆ ಕೇಳುವ ನರಳಾಟದಂಥ ಕೂಗೊಂದಿದೆ. ಪರಿಚಯದ ಜೊತೆಗಾರ ಸಿಕ್ಕಾಗ ಹುಲಿಯ ಹಾಗೆ ಮೂಗಿನಿಂದ ಪುಸ್ ಪುಸ್ ಎಂದು ಸದ್ದು ಮಾಡುತ್ತದೆ.

ಮನುಷ್ಯರಿಗೆ ಇದರಿಂದ ಅಪಾಯವಿಲ್ಲ ಎಂದೇ ಹೇಳಬಹುದು. ಕಾಡಂಚಿನ ಊರಲ್ಲಿ ಒಮ್ಮೊಮ್ಮೆ ಕೋಳಿ ಹಿಡಿದಿದ್ದಿದೆ. ಊರವರಿಗೆ ಅದು ನಷ್ಟವೇ, ಸಣ್ಣದು ಎಂದು ತಳ್ಳಿಹಾಕಬಾರದು. ಗಟ್ಟಿ ಕೋಳಿಗೂಡು ಕಟ್ಟಿಕೊಳ್ಳಲು ನೆರವಾದರೆ ಈ ಜಗಳ ಮುಗಿಯುತ್ತದೆ.

ಈಗ ಎಷ್ಟು ಉಳಿದಿವೆ?

ಎಲ್ಲ ದೇಶಗಳದ್ದೂ ಸೇರಿಸಿ ಮರಿ ಹಾಕುವ ವಯಸ್ಸಿನವು 10,000ಕ್ಕಿಂತ ಕಡಿಮೆ, ಸಂಖ್ಯೆ ಇಳಿಯುತ್ತಲೇ ಇದೆ. ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು 'ವಲ್ನರಬಲ್' ವರ್ಗದಲ್ಲಿದೆ. ಅಂದರೆ ಈಗಲೇ ಕೊನೆಯುಸಿರಿನಲ್ಲಿಲ್ಲ, ಆದರೆ ಹೀಗೇ ಬಿಟ್ಟರೆ ಅಲ್ಲಿಗೆ ಹೋಗುತ್ತದೆ.

ಒಟ್ಟು ಸಂಖ್ಯೆಗಿಂತ ಅದು ಎಲ್ಲೆಲ್ಲಿ ಇಲ್ಲವಾಗುತ್ತಿದೆ ಎಂದು ನೋಡುವುದು ನನಗೆ ಮುಖ್ಯ ಅನ್ನಿಸುತ್ತದೆ. ತೈವಾನ್‌ನಲ್ಲಿ ಪೂರ್ತಿ ಹೋಯಿತು. ವಿಯೆಟ್ನಾಂನಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಳಿವೇ ತೀರಾ ಅಪರೂಪ. ಚೀನಾದಲ್ಲಿ ಒಂದು ಕಾಲಕ್ಕೆ ದಕ್ಷಿಣದ ಉದ್ದಕ್ಕೂ ಇದ್ದದ್ದು ಈಗ ಗಡಿ ಭಾಗದ ಕೆಲವೇ ಕಾಡುಗಳಿಗೆ ಕುಗ್ಗಿದೆ. ಅಳಿವು ಪೂರ್ವದಿಂದ ಪಶ್ಚಿಮಕ್ಕೆ ಬರುತ್ತಿದೆ. ಹಾಗಾಗಿ ಈಶಾನ್ಯ ಭಾರತ, ಭೂತಾನ್, ಉತ್ತರ ಮ್ಯಾನ್ಮಾರ್‌ನ ಕಾಡುಗಳ ಮೇಲೆ ಈಗ ಜವಾಬ್ದಾರಿ ಜಾಸ್ತಿ.

ಕಡಿಮೆಯಾಗಲು ಕಾರಣ ಏನು? ಕಾಡು ಕಡಿದಿದ್ದೇ ತಾನೇ?

ಅದು ಅರ್ಧ ಉತ್ತರ. ಆಗ್ನೇಯ ಏಷ್ಯಾದಲ್ಲಿ ಕಾಡು ಬೇಗ ಬೇಗ ಹೋಗುತ್ತಿದೆ, ನಿಜ. ರಬ್ಬರ್, ತಾಳೆ ಎಣ್ಣೆಯ ತೋಟ, ರಸ್ತೆ, ಅಣೆಕಟ್ಟು ಎಲ್ಲವೂ ಕಾರಣ. ಮೋಡ ಚಿರತೆ ಸ್ವಲ್ಪ ಹಾಳಾದ ಕಾಡಿನಲ್ಲೂ, ಮತ್ತೆ ಬೆಳೆದ ಎಳೆ ಕಾಡಿನಲ್ಲೂ ಬದುಕಬಲ್ಲದು. ತಾಳೆ ತೋಟದಲ್ಲಿ ಬದುಕಲಾರದು. ನಮ್ಮಲ್ಲೂ ಇದು ದೂರದ ಮಾತಲ್ಲ. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಯೋಜನೆ ತಂದಿತು. ಅದು ಒತ್ತು ಕೊಟ್ಟಿದ್ದು ಈಶಾನ್ಯ ರಾಜ್ಯಗಳಿಗೆ ಮತ್ತು ಅಂಡಮಾನ್‌ಗೆ. ಅಡುಗೆ ಎಣ್ಣೆಯ ಆಮದು ಕಡಿಮೆ ಮಾಡಬೇಕು ಅನ್ನುವುದು ಸರಿ. ಆದರೆ ತೋಟ ಎಲ್ಲಿ ಹಾಕುತ್ತೇವೆ ಎನ್ನುವುದನ್ನು ಕಾಡಿನ ನಕ್ಷೆ ಮುಂದಿಟ್ಟುಕೊಂಡು ತೀರ್ಮಾನಿಸಬೇಕು.

ಇನ್ನರ್ಧ ಉತ್ತರ ಉರುಳು. ಇದರ ಬಗ್ಗೆ ಮಾತು ಕಡಿಮೆ, ಹಾನಿ ಜಾಸ್ತಿ. ಬೈಕಿನ ಬ್ರೇಕ್ ತಂತಿಯಂಥ ಒಂದು ತುಂಡು ತಂತಿ, ಒಂದು ಬಾಗಿಸಿದ ಎಳೆ ಮರ, ಇಷ್ಟಿದ್ದರೆ ಉರುಳು ಆಯಿತು. ಖರ್ಚು ಇಲ್ಲವೇ ಇಲ್ಲ. ಒಬ್ಬನೇ ನೂರಾರು ಕಟ್ಟಿ ಹೋಗುತ್ತಾನೆ. ಕಟ್ಟಿದವನು ಬಯಸುವುದು ಹಂದಿ, ಕಾಡುಕುರಿ. ಆದರೆ ಉರುಳಿಗೆ ಆ ಗುರುತಿಲ್ಲ. ಯಾವ ಕಾಲು ಬಿತ್ತೋ ಅದನ್ನು ಬಿಗಿಯುತ್ತದೆ. ತಿಂಗಳುಗಟ್ಟಲೆ ಮರೆತು ಬಿಟ್ಟರೂ ಕೆಲಸ ಮಾಡುತ್ತಲೇ ಇರುತ್ತದೆ. ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ ಮೂರು ದೇಶಗಳ ಸಂರಕ್ಷಿತ ಕಾಡುಗಳಲ್ಲೇ ಸುಮಾರು 1 ಕೋಟಿ 23 ಲಕ್ಷ ಉರುಳುಗಳಿವೆ ಎಂದು ವನ್ಯಜೀವಿ ಸಂರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ 2020ರ ವರದಿ ಅಂದಾಜು ಮಾಡಿತು. ಸಂರಕ್ಷಿತ ಕಾಡುಗಳಲ್ಲಿ ಅನ್ನುವುದನ್ನು ಗಮನಿಸಿ.

ಹೀಗಾದ ಕಾಡು ಮೇಲಿಂದ ನೋಡಿದರೆ ಹಚ್ಚ ಹಸಿರು. ಉಪಗ್ರಹ ಚಿತ್ರದಲ್ಲಿ ಎಲ್ಲ ಚೆನ್ನಾಗಿದೆ. ಒಳಗೆ ಕಾಡುಕುರಿ ಇಲ್ಲ, ಮುಳ್ಳುಹಂದಿ ಇಲ್ಲ, ಮೋಡ ಚಿರತೆಯೂ ಇಲ್ಲ. ಮೋಡ ಚಿರತೆ ಬಗ್ಗೆ ನಾನು ಒಂದೇ ಮಾತು ಹೇಳಬಹುದು ಎಂದಾದರೆ ಇದನ್ನೇ ಹೇಳುತ್ತೇನೆ: ಮರ ಉಳಿಸಿದರಷ್ಟೇ ಅದು ಉಳಿಯುವುದಿಲ್ಲ.

ಇದಲ್ಲದೆ ನೇರವಾಗಿ ಅದಕ್ಕೇ ಬೇಟೆಯೂ ಇದೆ. ಚರ್ಮ, ಹಲ್ಲು, ಎಲುಬಿಗೆ ಕಳ್ಳ ಮಾರುಕಟ್ಟೆಯಿದೆ. ಮ್ಯಾನ್ಮಾರ್‌ನ ಗಡಿ ಪಟ್ಟಣಗಳಾದ ಮೋಂಗ್ ಲಾ, ತಾಚಿಲೆಕ್‌ನಲ್ಲಿ ಇದರ ಚರ್ಮ ಬಹಿರಂಗವಾಗಿ ಮಾರಾಟಕ್ಕಿದ್ದುದನ್ನು ಅಧ್ಯಯನಗಳು ದಾಖಲಿಸಿವೆ. ಸಾಕಲೆಂದು ಮರಿ ಕದಿಯುವವರೂ ಇದ್ದಾರೆ.

ತೈವಾನ್‌ನಲ್ಲಿ ಏನಾಯಿತು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ತೈವಾನ್ ದ್ವೀಪದ ಮೂಲನಿವಾಸಿಗಳಲ್ಲಿ ರುಕಾಯ್ ಎಂಬ ಜನರಿದ್ದಾರೆ. ತಮ್ಮ ಹಿರಿಯರಿಗೆ ದಾರಿ ತೋರಿಸಿ ನೆಲೆ ಹುಡುಕಿಕೊಟ್ಟಿದ್ದು ಮೋಡ ಚಿರತೆ ಎನ್ನುವುದು ಅವರ ನಂಬಿಕೆ. ಅದನ್ನು ಕೊಲ್ಲುವುದು ಅವರಲ್ಲಿ ನಿಷಿದ್ಧ. ಇಪ್ಪತ್ತನೇ ಶತಮಾನದಲ್ಲಿ ತಗ್ಗಿನ ಕಾಡುಗಳನ್ನು ದೊಡ್ಡ ಪ್ರಮಾಣದಲ್ಲಿ ಕಡಿದರು. ಬೇಟೆಯೂ ಜೊತೆಗೆ ಸೇರಿತು. 1980ರ ದಶಕದ ನಂತರ ನಂಬಬಹುದಾದ ದಾಖಲೆ ಸಿಗಲಿಲ್ಲ. ತೈವಾನ್‌ನ ಸಂಶೋಧಕರು ಒಂದು ದಶಕಕ್ಕೂ ಹೆಚ್ಚು ಕಾಲ, ಸಾವಿರಕ್ಕೂ ಹೆಚ್ಚು ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಹುಡುಕಿದರು. ಒಂದೇ ಒಂದು ಚಿತ್ರ ಬರಲಿಲ್ಲ. 2013ರಲ್ಲಿ ಅದು ದ್ವೀಪದಿಂದ ಅಳಿದುಹೋಗಿದೆ ಎಂದು ಪ್ರಕಟಿಸಿದರು. 2019ರಲ್ಲಿ ಕಂಡೆವು ಎಂದು ಕೆಲವರು ಹೇಳಿದರು, ಪುರಾವೆ ಸಿಗಲಿಲ್ಲ.

ನನ್ನನ್ನು ಕಾಡುವುದು ಇಷ್ಟೇ. ದಾಖಲೆ ಸಿಗುವುದು ನಿಂತ ನಂತರದ ವರ್ಷಗಳಲ್ಲಿ ತೈವಾನ್ ಕಾಡು ಕಡಿಯುವುದನ್ನು ನಿಲ್ಲಿಸಿತು. ಬೇಟೆಗೆ ಕಡಿವಾಣ ಹಾಕಿತು. ಜಿಂಕೆ, ಕೋತಿ ಚೆನ್ನಾಗಿ ಹೆಚ್ಚಿಕೊಂಡವು. ಈಗ ಅಲ್ಲಿ ಮೋಡ ಚಿರತೆಗೆ ಬೇಕಾದ ಕಾಡಿದೆ, ತಿನ್ನಲು ಪ್ರಾಣಿಗಳಿವೆ. ಬೇರೆ ದೇಶದಿಂದ ತಂದು ಬಿಡುವ ಮಾತೂ ನಡೆದಿದೆ. ತರುವುದಾದರೆ ಎಲ್ಲಿಂದ? ಬೇರೆ ಕಡೆ ಉಳಿದಿರುವುದೇ ಕಡಿಮೆ. ಸಮಯಕ್ಕೆ ಮಾಡಬೇಕಾದ ಕೆಲಸ ಮೂವತ್ತು ವರ್ಷ ತಡವಾದರೆ ಹೀಗಾಗುತ್ತದೆ.

ನೇಪಾಳದ ಕತೆ ಇದಕ್ಕೆ ಉಲ್ಟಾ. ಅಲ್ಲಿ 1863ರ ನಂತರ ದಾಖಲೆ ಇರಲಿಲ್ಲ, ಹೋಯಿತು ಎಂದೇ ತಿಳಿದಿದ್ದರು. 1987–88ರಲ್ಲಿ ಮತ್ತೆ ಕಾಣಿಸಿಕೊಂಡಿತು. ಕಾಣದಿದ್ದ ಮಾತ್ರಕ್ಕೆ ಇಲ್ಲ ಎಂದಲ್ಲ, ಅದೂ ಸರಿ. ಆದರೆ ಸಾವಿರ ಕ್ಯಾಮೆರಾ ಇಟ್ಟು ಹುಡುಕಿದ ಮೇಲೂ ಸಿಗದಿದ್ದರೆ ಆಸೆ ಇಟ್ಟುಕೊಳ್ಳುವುದು ಕಷ್ಟ.

ಹುಲಿ ಇಲ್ಲದ ಹುಲಿ ಸಂರಕ್ಷಿತ ಪ್ರದೇಶಕ್ಕೆ ಯಾಕೆ ಹಣ ಸುರಿಯಬೇಕು?

2018ರ ಹುಲಿ ಗಣತಿಯಲ್ಲಿ ಡಂಪಾ, ಬಕ್ಸಾ, ಜಾರ್ಖಂಡ್‌ನ ಪಲಾಮೂ ಈ ಮೂರು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಒಂದೂ ಹುಲಿ ಸಿಗಲಿಲ್ಲ. ಆಗಿನಿಂದ ಈ ಪ್ರಶ್ನೆ ಎದ್ದಿದೆ.

ಉತ್ತರ ಡಂಪಾದಲ್ಲೇ ಇದೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ 100 ಚದರ ಕಿಲೋಮೀಟರ್‌ಗೆ ಸುಮಾರು 5 ಮೋಡ ಚಿರತೆಗಳಿವೆ. ಜಗತ್ತಿನಲ್ಲಿ ಈವರೆಗೆ ಲೆಕ್ಕ ಹಾಕಿದ ಕಾಡುಗಳಲ್ಲೇ ಇದು ತುಂಬಾ ಹೆಚ್ಚು. ಹುಲಿ ಲೆಕ್ಕದಲ್ಲಿ ಸೊನ್ನೆ ಬಂದ ಕಾಡು ಮೋಡ ಚಿರತೆ ಲೆಕ್ಕದಲ್ಲಿ ಮುಂದಿನ ಸಾಲಿನಲ್ಲಿದೆ. ಹುಲಿ ಇಲ್ಲ ಎಂದು ಅಲ್ಲಿನ ಕಾವಲು ಕಡಿಮೆ ಮಾಡಿದರೆ ಏನು ಕಳೆದುಕೊಳ್ಳುತ್ತೇವೆ ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕಾ? ಒಂದೇ ಪ್ರಾಣಿಯ ತಲೆ ಎಣಿಸಿ ಕಾಡಿಗೆ ಅಂಕ ಕೊಡುವ ಅಭ್ಯಾಸವನ್ನು ಬಿಡಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈಶಾನ್ಯದವರು ಕುಮರಿ ಬೇಸಾಯ ಮಾಡಿ ಕಾಡು ಸುಡುತ್ತಾರಲ್ಲ, ಅದೇ ಮುಖ್ಯ ಕಾರಣ ಅಲ್ವಾ?

ಇದು ದೂರದಲ್ಲಿ ಕೂತು ಹೇಳುವ ಮಾತು. ಕುಮರಿಯನ್ನು ಅಲ್ಲಿ ಝೂಮ್ ಅನ್ನುತ್ತಾರೆ. ಒಂದು ತುಂಡು ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ಬೆಳೆದು, ಆಮೇಲೆ ಬಿಟ್ಟುಬಿಡುತ್ತಾರೆ. ಬಿದಿರು ಬರುತ್ತದೆ, ನಂತರ ಮರ ಬರುತ್ತದೆ. ಸಾಕಷ್ಟು ವರ್ಷ ಪಾಳು ಬಿಟ್ಟರೆ ಕಾಡು ಮತ್ತೆ ಕಟ್ಟಿಕೊಳ್ಳುತ್ತದೆ. ಮಿಜೋರಾಂನಲ್ಲಿ ಹಕ್ಕಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಝೂಮ್ ಜಾಗಗಳನ್ನು ತಾಳೆ ಮತ್ತು ತೇಗದ ತೋಟಗಳ ಜೊತೆ ಹೋಲಿಸಿತು. ಕಾಡಿನ ಹಕ್ಕಿಗಳು ಜಾಸ್ತಿ ಇದ್ದದ್ದು ಝೂಮ್ ಜಾಗಗಳಲ್ಲೇ.

ಪಾಳು ಬಿಡುವ ವರ್ಷ ಕಡಿಮೆಯಾದರೆ ಕಾಡು ಸೋಲುತ್ತದೆ, ಅದು ನಿಜವಾದ ತೊಂದರೆ. ಆದರೆ ಝೂಮ್ ಬಿಡಿಸಿ ತಾಳೆ ನೆಡಿಸುವುದು ಪರಿಹಾರವಲ್ಲ. ಪಾಳು ಭೂಮಿ ಮತ್ತೆ ಕಾಡಾಗುತ್ತದೆ. ತಾಳೆ ತೋಟ ಆಗುವುದಿಲ್ಲ.

ಬೇಟೆ ತಡೆಯಲು ಕಾನೂನು ಇಲ್ಲವಾ?

ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಮೋಡ ಚಿರತೆ ಇದೆ. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ. ಕೊಂದರೆ ಅಥವಾ ಅದರ ಚರ್ಮ, ಹಲ್ಲು ಮಾರಿದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ ಮೊದಲ ಪಟ್ಟಿ ನಿಷೇಧಿಸುತ್ತದೆ.

ಕಾಗದದ ಮೇಲೆ ಕೊರತೆ ಇಲ್ಲ. ಆದರೆ ಈಶಾನ್ಯದ ಕಾಡಿನ ಸ್ಥಿತಿಯೇ ಬೇರೆ. ನಾಗಾಲ್ಯಾಂಡ್, ಮೇಘಾಲಯದಲ್ಲಿ ಬಹುಪಾಲು ಕಾಡು ಸರ್ಕಾರದ್ದಲ್ಲ. ಊರಿನದು, ಕುಲದ್ದು, ಮನೆತನದ್ದು. ಅಲ್ಲಿ ಊರಿನ ಹಿರಿಯರ ತೀರ್ಮಾನ ನಡೆಯುತ್ತದೆ. ಬೇಟೆ ಅಲ್ಲಿ ಹಳೆಯ ವಾಡಿಕೆ, ಊಟದ ಭಾಗ, ಹಬ್ಬದ ಭಾಗ. ಬೆಂಗಳೂರು, ದೆಹಲಿಯಿಂದ ಆದೇಶ ಹೊರಡಿಸಿದರೆ ಏನೂ ಬದಲಾಗುವುದಿಲ್ಲ. ಊರು ಒಪ್ಪಿದರೆ ಒಂದೇ ವರ್ಷದಲ್ಲಿ ಬದಲಾಗುತ್ತದೆ. ಥಾನಾಮಿರ್‌ನಲ್ಲಿ ಕಾಡಿನ ಒಡೆಯರು ಊರವರೇ. ಸಂಶೋಧಕರ ಜೊತೆ ಸೇರಿ ಕ್ಯಾಮೆರಾ ಇಟ್ಟಿದ್ದೂ ಅವರೇ.

ಅರುಣಾಚಲದಲ್ಲಿ 2021ರ ಮಾರ್ಚ್‌ನಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಯಾವ ಪೊಲೀಸ್ ಬಲವಂತವೂ ಇರಲಿಲ್ಲ. ಜನ ಊರ ಸಭೆಯಲ್ಲಿ ತಾವಾಗಿಯೇ ಬಂದೂಕು ತಂದಿಟ್ಟರು. ಎರಡು ಸಾವಿರಕ್ಕೂ ಹೆಚ್ಚು ಬಂದೂಕು ಬಂದವು. ಏರ್‌ಗನ್‌ನಿಂದ ಮೋಡ ಚಿರತೆ ಸಾಯುವುದು ಅಪರೂಪ. ಅದರಿಂದ ಸಾಯುವುದು ಹಕ್ಕಿ, ಅಳಿಲು, ಅಂದರೆ ಅದರ ಊಟ.

ಹುಲಿ, ಚೀತಾಗೆ ದೊಡ್ಡ ಯೋಜನೆ ಇದೆ. ಇದಕ್ಕೆ ಯಾಕಿಲ್ಲ?

ಇದು ಎರಡರ ನಡುವೆ ಸಿಕ್ಕಿಕೊಂಡಿದೆ. ದೊಡ್ಡ ಬೆಕ್ಕುಗಳ ಪಟ್ಟಿಗೆ ಸಣ್ಣದಾಯಿತು, ಸಣ್ಣ ಬೆಕ್ಕುಗಳ ಪಟ್ಟಿಗೆ ದೊಡ್ಡದಾಯಿತು. 2023ರ ಏಪ್ರಿಲ್‌ನಲ್ಲಿ ಪ್ರಧಾನಿ ಮೈಸೂರಿನಲ್ಲಿ ಅಂತರರಾಷ್ಟ್ರೀಯ ದೊಡ್ಡ ಬೆಕ್ಕುಗಳ ಒಕ್ಕೂಟಕ್ಕೆ ಚಾಲನೆ ಕೊಟ್ಟರು. ಅದರಲ್ಲಿ ಏಳು ಪ್ರಾಣಿಗಳಿವೆ: ಹುಲಿ, ಸಿಂಹ, ಚಿರತೆ, ಹಿಮಚಿರತೆ, ಚೀತಾ, ಜಾಗ್ವಾರ್, ಪೂಮಾ. ಭಾರತದಲ್ಲಿ ಇಲ್ಲದ ಜಾಗ್ವಾರ್ ಮತ್ತು ಪೂಮಾ ಅದರಲ್ಲಿವೆ. ಭಾರತದಲ್ಲಿರುವ ಮೋಡ ಚಿರತೆ ಇಲ್ಲ. ಇದನ್ನು ಎಂಟನೆಯದಾಗಿ ಸೇರಿಸಬೇಕು. ಬರೀ ಗೌರವಕ್ಕೆ ಅಲ್ಲ. ಪಟ್ಟಿಯಲ್ಲಿರುವ ಪ್ರಾಣಿಗೆ ಹಣ, ಸಮೀಕ್ಷೆ, ಸಿಬ್ಬಂದಿ ಸಿಗುತ್ತದೆ.

ಮೃಗಾಲಯದಲ್ಲಿ ಮರಿ ಮಾಡಿಸಿ ಕಾಡಿಗೆ ಬಿಡಬಹುದಲ್ಲ?

ಸುಲಭವಿಲ್ಲ. ಬೆಳೆದ ಗಂಡು ಮತ್ತು ಹೆಣ್ಣನ್ನು ಒಂದೇ ಬೋನಿಗೆ ಬಿಟ್ಟರೆ ಗಂಡು ಹೆಣ್ಣನ್ನು ಕೊಂದುಹಾಕುವುದು ಬಹಳ ಸಲ ಆಗಿದೆ. ಅದಕ್ಕೇ ಈಗ ಮರಿ ಇರುವಾಗಲೇ ಜೋಡಿ ಮಾಡಿ ಒಟ್ಟಿಗೆ ಬೆಳೆಸುತ್ತಾರೆ. ಥಾಯ್ಲೆಂಡ್‌ನ ಖಾವೊ ಖಿಯೊ ಮೃಗಾಲಯದಲ್ಲಿ ಅಮೆರಿಕದ ಸ್ಮಿತ್ಸೋನಿಯನ್, ನ್ಯಾಶ್‌ವಿಲ್ ಮೃಗಾಲಯಗಳ ಜೊತೆ ಸೇರಿ ಈ ಕೆಲಸ ವರ್ಷಗಳಿಂದ ನಡೆದಿದೆ. 2017ರಲ್ಲಿ ನ್ಯಾಶ್‌ವಿಲ್‌ನಲ್ಲಿ ಶೈತ್ಯೀಕರಿಸಿದ ವೀರ್ಯದಿಂದ ಒಂದು ಮರಿ ಹುಟ್ಟಿತು.

ಇನ್ನೊಂದು ಸಂಗತಿ ಮೃಗಾಲಯ ಕಟ್ಟುವವರಿಗೆ ಗೊತ್ತಿರಬೇಕು. ಬೋನು ಎತ್ತರವಿದ್ದಷ್ಟೂ ಈ ಪ್ರಾಣಿಯ ಒತ್ತಡ ಕಡಿಮೆ. ಹಿಕ್ಕೆಯಲ್ಲಿ ಒತ್ತಡದ ಹಾರ್ಮೋನ್ ಅಳೆದು 2002ರಲ್ಲೇ ಇದನ್ನು ತೋರಿಸಿದ್ದಾರೆ. ಅಗಲ ಕೊಟ್ಟು ಎತ್ತರ ಕೊಡದಿದ್ದರೆ ಅದಕ್ಕೆ ಮನೆ ಕೊಟ್ಟ ಹಾಗಲ್ಲ.

ಗರ್ಭ ಸುಮಾರು ಮೂರು ತಿಂಗಳು, ಸಾಮಾನ್ಯವಾಗಿ ಎರಡು ಮೂರು ಮರಿ. ಮೃಗಾಲಯದಲ್ಲಿ ಹುಟ್ಟಿದ್ದು ಬೇಟೆ ಕಲಿಯುವುದು ಬೇರೆಯೇ ಸವಾಲು. ಹಾಗಾಗಿ ಮೃಗಾಲಯವನ್ನು ಕಾಡಿಗೆ ಬದಲಿ ಎಂದು ಎಣಿಸಬಾರದು.

ಕಾಡಿನಲ್ಲಿ ಒಂಟಿ ಮರಿ ಸಿಕ್ಕರೆ?

ಮುಟ್ಟಬೇಡಿ. ತಾಯಿ ಬೇಟೆಗೆ ಹೋಗಿರಬಹುದು. ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ಪಾಪ ಎಂದು ಮನೆಗೆ ತಂದರೆ ಆ ಮರಿ ಕಾಡಿಗೆ ವಾಪಸ್ ಹೋಗುವುದು ಎಷ್ಟು ಕಷ್ಟ ಎನ್ನುವುದಕ್ಕೆ ಅಸ್ಸಾಂನ ಒಂದು ಉದಾಹರಣೆ ಇದೆ. ಕೋಕ್ರಾಝಾರ್ ಜಿಲ್ಲೆಯಲ್ಲಿ 2009ರಲ್ಲಿ ಎರಡು ಮರಿಗಳು ಸಿಕ್ಕವು, ರುನಾ ಮತ್ತು ಕಾತಾ ಎಂದು ಹೆಸರಿಟ್ಟರು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಅರಣ್ಯ ಇಲಾಖೆ ಸೇರಿ ಅವನ್ನು ಸಾಕಿದರು. ಸಾಕುವವರು ಅವುಗಳ ಜೊತೆ ದಿನಾ ಕಾಡಿನಲ್ಲಿ ನಡೆದು, ಮರ ಹತ್ತಲು, ಬೇಟೆಯಾಡಲು ಬಿಟ್ಟರು. ತಿಂಗಳುಗಟ್ಟಲೆ ಇದು ನಡೆಯಿತು. ಆಮೇಲೆ ರೇಡಿಯೊ ಕಾಲರ್ ಹಾಕಿ 2010ರಲ್ಲಿ ರಿಪು-ಚಿರಾಂಗ್ ಕಾಡಿಗೆ ಬಿಟ್ಟರು. ಎರಡೇ ಮರಿಗೆ ಇಷ್ಟು ದುಡಿಮೆ.

ಇದನ್ನು ನೋಡಲು ಎಲ್ಲಿಗೆ ಹೋಗಬೇಕು?

ಸಫಾರಿಗೆ ಹೋಗಿ ನೋಡುವ ಪ್ರಾಣಿಯಲ್ಲ. ವರ್ಷಗಟ್ಟಲೆ ಕೆಲಸ ಮಾಡಿದ ಸಂಶೋಧಕರಲ್ಲೇ ಕಣ್ಣಾರೆ ಕಂಡವರು ಕಡಿಮೆ. ಆದರೂ ಆ ಕಾಡುಗಳಿಗೆ ಹೋಗಿ ಬನ್ನಿ. ಊರವರೇ ನಡೆಸುವ ಹೋಮ್‌ಸ್ಟೇಯಲ್ಲಿ ಉಳಿಯಿರಿ, ಊರವರನ್ನೇ ಗೈಡ್ ಮಾಡಿಕೊಳ್ಳಿ. ಕಾಡು ಹಾಗೇ ಇದ್ದರೆ ನಾಲ್ಕು ಕಾಸು ಬರುತ್ತದೆ ಎಂದಾಗ ಊರ ಸಭೆಯಲ್ಲಿ ಕಾಡಿನ ಪರ ಮಾತಾಡುವವರಿಗೆ ಬಲ ಬರುತ್ತದೆ.

ದೂರದಲ್ಲಿರುವ ನಾವು ಏನು ಮಾಡಬಹುದು?

ಮೊದಲನೆಯದಾಗಿ, ಮೋಡ ಚಿರತೆ ಮರಿಯನ್ನು ಮನೆಯಲ್ಲಿ ಮುದ್ದಾಡುವ ವಿಡಿಯೊ ಬಂದರೆ ಹಂಚಬೇಡಿ, ಲೈಕ್ ಕೂಡ ಮಾಡಬೇಡಿ. ಅಂಥ ಮರಿಗಳಲ್ಲಿ ಕೆಲವನ್ನು ತಾಯಿಯನ್ನು ಕೊಂದು ತಂದಿರುತ್ತಾರೆ. ನೋಡುವವರು ಹೆಚ್ಚಾದಷ್ಟೂ ಬೇಡಿಕೆ ಹೆಚ್ಚುತ್ತದೆ.

ಪ್ರವಾಸದಲ್ಲಿ ಹಲ್ಲು, ಉಗುರು, ಚರ್ಮದ ಅಲಂಕಾರ ವಸ್ತು ಕಂಡರೆ ಕೊಳ್ಳಬೇಡಿ. ಹಳೆಯದು ಅಂದರೂ ಬೇಡ. ಮಾರುತ್ತಿರುವುದು ಕಂಡರೆ ಅಲ್ಲಿನ ಅರಣ್ಯ ಇಲಾಖೆಗೋ ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ದಳಕ್ಕೋ ಮಾಹಿತಿ ಕೊಡಿ. ಕಾಡಿನಲ್ಲಿ ತೆಗೆದ ಚಿತ್ರವಿದ್ದರೆ ನಿಖರವಾದ ಜಾಗ ಹಾಕಬೇಡಿ, ಬೇಟೆಗಾರರೂ ಅದನ್ನು ನೋಡುತ್ತಾರೆ.

ಆಗಸ್ಟ್ 4 ಅಂತರರಾಷ್ಟ್ರೀಯ ಮೋಡ ಚಿರತೆ ದಿನ. ಶಾಲೆ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಆ ದಿನ ಮಕ್ಕಳಿಗೆ ಒಂದು ಚಿತ್ರ ತೋರಿಸಿ, ಭಾರತದ ನಕ್ಷೆಯಲ್ಲಿ ಡಂಪಾ ಎಲ್ಲಿದೆ ಎಂದು ಹುಡುಕಿಸಿ. ಬಂಡೀಪುರ, ನಾಗರಹೊಳೆ ಗೊತ್ತಿರುವ ನಮ್ಮ ಮಕ್ಕಳಿಗೆ ಡಂಪಾ, ನಮ್ದಾಫಾ ಹೆಸರೂ ಗೊತ್ತಿರಲಿ.